ಮಾತಾಡಿಸಲು ಹೋಗಿ ಮಾತಾಡಿ ಬಂದಾಗ

ಪ್ರಶ್ನೆ: ನಾನು ಹಾಸನದಲ್ಲಿ ಪ್ರೌಢಶಾಲೆ ಶಿಕ್ಷಕಿ. ನನ್ನ ಬಾಲ್ಯದ ಗೆಳತಿ ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾಳೆ. ಸ್ವಲ್ಪ ಕಾಫಿ ತೋಟ, ಎರಡು ಹಸು. ನಾಲ್ಕು ತಿಂಗಳ ಹಿಂದೆ, ಕೊಯ್ಲು ಶುರುವಾಗುವ ಹೊತ್ತಿಗೆ, ನಸುಕಿನಲ್ಲಿ ಡೈರಿಗೆ ಹಾಲು ಹಾಕಲು ಹೋದ ಅವಳ ಗಂಡ ಕಾಡಾನೆಗೆ ಸಿಕ್ಕಿ ತೀರಿಕೊಂಡರು. ದಿನಾ ಹಾಲು ಹಾಕುತ್ತಿದ್ದವಳು ಅವಳೇ. ಅವತ್ತು ಜ್ವರ ಅಂತ ಅವರನ್ನು ಕಳಿಸಿದ್ದಳು. ಹಾಲು-ತುಪ್ಪದ ದಿನ ನಾನು ಹೋದೆ. 'ದೇವರು ಒಳ್ಳೆಯವರನ್ನೇ ಬೇಗ ಕರೆಸಿಕೊಳ್ಳುತ್ತಾನೆ. ಮಕ್ಕಳ ಮುಖ ನೋಡಿ ಧೈರ್ಯ ತಂದುಕೋ' ಅಂದೆ. ಅವಳು ನನ್ನನ್ನೇ ನೋಡಿ, 'ನಿನ್ನ ಗಂಡ ಸಂಜೆ ಮನೆಗೆ ಬರ್ತಾನೆ, ನೀನು ಹೇಳ್ತೀಯ' ಅಂದಳು. ಅವತ್ತಿನಿಂದ ನನ್ನ ಫೋನ್ ಎತ್ತುತ್ತಿಲ್ಲ. ನನಗೆ ನಿದ್ದೆ ಬರುತ್ತಿಲ್ಲ. ನಾನು ಏನು ಹೇಳಬೇಕಿತ್ತು? 'ಬಿಟ್ಟುಬಿಡು, ಕಾಲವೇ ಮದ್ದು' ಅನ್ನುತ್ತಾರೆ ನನ್ನ ಗಂಡ. ಮತ್ತೆ ಹೋಗಬೇಕಾ? ಹೋದರೆ ಅವಳು ಬಾಗಿಲು ತೆಗೆಯದಿದ್ದರೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ಇದನ್ನು ಹೇಳಿಬಿಡುತ್ತೇನೆ. ನಿಮ್ಮ ಗೆಳತಿ ನಿಮ್ಮನ್ನು ಬಿಟ್ಟಿಲ್ಲ ಅಂತಲೇ ನನಗೆ ಅನ್ನಿಸುತ್ತದೆ. ಆ ಮೂರು ದಿನದಲ್ಲಿ ಅವರ ಮನೆಗೆ ಎಷ್ಟೋ ಜನ ಬಂದಿರುತ್ತಾರೆ. ಊರಿನವರು, ನೆಂಟರು, ಫಾರೆಸ್ಟಿನವರು, ಕ್ಯಾಮೆರಾ ಹಿಡಿದವರು. ನೀವು ಹೇಳಿದ್ದನ್ನೇ ಅವರಲ್ಲಿ ಅರ್ಧ ಜನ ಹೇಳಿರುತ್ತಾರೆ. ಅವರಿಗೆಲ್ಲ ನಿಮ್ಮ ಗೆಳತಿ ಸುಮ್ನೆ ತಲೆಯಾಡಿಸಿರುತ್ತಾರೆ. ನಿಮ್ಮ ಮುಂದೆ ಮಾತ್ರ ಒಳಗಿದ್ದದ್ದು ಹೊರಗೆ ಬಂತು. ಹಾಗೆ ಸಿಟ್ಟು ತೋರಿಸಬೇಕಾದರೂ ಸಲುಗೆ ಬೇಕು.

ನಮ್ಮ ಕಡೆ ಸಾವಿನ ಮನೆಗೆ ಹೋಗುವುದಕ್ಕೆ ಏನನ್ನುತ್ತೇವೆ? 'ಮಾತಾಡಿಸಿಕೊಂಡು ಬರೋಣ' ಅನ್ನುತ್ತೇವೆ, ಅಲ್ವಾ? ಈ ಪದವನ್ನು ಸ್ವಲ್ಪ ನಿಧಾನವಾಗಿ ಹೇಳಿ ನೋಡಿ. ಮಾತಾಡುವುದಲ್ಲ, ಮಾತಾಡಿಸುವುದು. ಉಣಿಸುವ ಹಾಗೆ, ನಡೆಸುವ ಹಾಗೆ, ಮಾತಾಡಿಸುವುದು. ಅವರ ಬಾಯಿಂದ ಮಾತು ಬರುವ ಹಾಗೆ ಮಾಡುವುದು. ಯಾವ ಕಾಲದ ಹಿರಿಯರು ಈ ಪದ ಕಟ್ಟಿದರೋ, ಅವರಿಗೆ ಸಾಂತ್ವನ ಅಂದರೆ ಏನು ಅಂತ ಚೆನ್ನಾಗಿ ಗೊತ್ತಿತ್ತು. ನಾವು ಮಾತಾಡಿಸಲು ಅಂತ ಹೊರಡುತ್ತೇವೆ. ಹೋಗಿ ನಾವೇ ಮಾತಾಡಿ ಬರುತ್ತೇವೆ.

ಯಾಕೆ ಹೀಗಾಗುತ್ತದೆ? ನಮಗೆ ಬುದ್ಧಿ ಇಲ್ಲ ಅಂತಲ್ಲ. 1986ರಲ್ಲಿ ಮೂವರು ಸಂಶೋಧಕರು, ಡ್ಯಾರಿನ್ ಲೇಮನ್, ಜಾನ್ ಎಲಾರ್ಡ್ ಮತ್ತು ಕ್ಯಾಮಿಲ್ ವರ್ಟ್‌ಮನ್, ಒಂದು ಅಧ್ಯಯನ ಪ್ರಕಟಿಸಿದರು. ರಸ್ತೆ ಅಪಘಾತದಲ್ಲಿ ಗಂಡನನ್ನೋ ಹೆಂಡತಿಯನ್ನೋ ಮಗುವನ್ನೋ ಕಳೆದುಕೊಂಡವರನ್ನು ಅವರು ಕೇಳಿದರು: ಜನ ಹೇಳಿದ್ದರಲ್ಲಿ, ಮಾಡಿದ್ದರಲ್ಲಿ ನಿಮಗೆ ಯಾವುದು ಹಿತವಾಯಿತು, ಯಾವುದು ನೋವಾಯಿತು? ಉಪದೇಶ ಮಾಡಿದ್ದು, ಬೇಗ ಚೇತರಿಸಿಕೋ ಅಂತ ಅವಸರ ಮಾಡಿದ್ದು ನೋವಾಯಿತು ಅಂದರು. ತಮ್ಮಂಥದೇ ನಷ್ಟ ಕಂಡವರ ಜೊತೆ ಕೂತಿದ್ದು, ಒಳಗಿನದನ್ನು ಹೇಳಿಕೊಳ್ಳಲು ಬಿಟ್ಟಿದ್ದು ಹಿತವಾಯಿತು ಅಂದರು. ಇಷ್ಟು ನಾವೂ ಊಹಿಸಬಹುದು. ಮುಂದಿನದೇ ಮುಖ್ಯ. ಇಂಥ ಸಾವು ಕಾಣದ ಬೇರೆ ಜನರನ್ನೂ ಅವರು ಕೇಳಿದ್ದರು: ಹೀಗಾದವರಿಗೆ ನೀವಾದರೆ ಏನು ಹೇಳುತ್ತೀರಿ? ಆ ಜನ ಹೆಚ್ಚು ಕಡಿಮೆ ಸರಿಯಾದ ಉತ್ತರವನ್ನೇ ಕೊಟ್ಟರು. ಅಂದರೆ ಏನು ಹೇಳಬೇಕು ಅಂತ ನಮಗೆ ಗೊತ್ತಿದೆ. ಮನೆಯಲ್ಲಿ ಕೂತು ಯೋಚಿಸಿದರೆ ಗೊತ್ತಿದೆ. ಅಳುವ ಮುಖದ ಎದುರು ಕೂತಾಗ ಕೈತಪ್ಪಿ ಹೋಗುತ್ತದೆ.

ಆ ಕ್ಷಣದಲ್ಲಿ ಏನಾಗುತ್ತದೆ ಅಂತ ನಿಮಗೇ ನೆನಪಿರಬಹುದು. ಎದೆ ಬಿಗಿಯುತ್ತದೆ. ಗಂಟಲು ಒಣಗುತ್ತದೆ. ಏನಾದರೂ ಹೇಳಿ ಈ ಅಳು ನಿಲ್ಲಿಸಬೇಕು ಅನ್ನಿಸುತ್ತದೆ. ಡೇನಿಯಲ್ ಬ್ಯಾಟ್ಸನ್ ಅನ್ನುವ ಮನೋವಿಜ್ಞಾನಿ ಇದನ್ನು ಹಲವು ವರ್ಷ ಅಭ್ಯಾಸ ಮಾಡಿದವರು. ಇನ್ನೊಬ್ಬರ ಸಂಕಟ ಕಂಡಾಗ ನಮ್ಮಲ್ಲಿ ಎರಡು ಬೇರೆ ಬೇರೆ ಭಾವ ಏಳುತ್ತವೆ ಅಂತ ಅವರು ತೋರಿಸಿದರು. ಒಂದು ಅವರ ಮೇಲಿನ ಕಾಳಜಿ. ಇನ್ನೊಂದು ನಮ್ಮದೇ ತಳಮಳ. ಕಾಳಜಿ ನಮ್ಮನ್ನು ಅವರ ಹತ್ತಿರ ಕೂರಿಸುತ್ತದೆ. ತಳಮಳ ನಮ್ಮನ್ನು ಅಲ್ಲಿಂದ ಏಳಿಸುತ್ತದೆ. ಏಳಲು ಆಗದಿದ್ದರೆ ಬಾಯಿ ತೆರೆಸುತ್ತದೆ. 'ಧೈರ್ಯ ತಂದುಕೋ' ಅನ್ನುವ ಮಾತು ಹೆಚ್ಚಿನ ಸಲ ಹುಟ್ಟುವುದು ಈ ತಳಮಳದಿಂದ. ಅದು ಮೊದಲು ಸಮಾಧಾನ ಮಾಡುವುದು ಹೇಳಿದವರನ್ನು.

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತಿದ್ದಲ್ಲ. ಆಪ್ತ ಸಮಾಲೋಚನೆ ಶುರು ಮಾಡಿದ ಹೊಸತರಲ್ಲಿ ಒಬ್ಬ ತಾಯಿ ನನ್ನ ಹತ್ತಿರ ಬಂದಿದ್ದರು. ಹೇಮಾವತಿ ಹಿನ್ನೀರಿನಲ್ಲಿ ಅವರ ದೊಡ್ಡ ಮಗ ಹೋಗಿಬಿಟ್ಟಿದ್ದ. ಅವರು ಅಳುತ್ತಲೇ ಇದ್ದರು. ನನಗೆ ತಡೆಯಲಾಗಲಿಲ್ಲ. 'ಇನ್ನೊಬ್ಬ ಮಗ ಇದ್ದಾನಲ್ಲಮ್ಮ' ಅಂದೆ. ಅವರ ಅಳು ನಿಂತಿತು. ನಾನು ಒಳ್ಳೆಯ ಕೆಲಸ ಆಯಿತು ಅಂದುಕೊಂಡೆ. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದು ಹೋದರು. ಮತ್ತೆ ಬರಲಿಲ್ಲ. ಅಳು ನಿಲ್ಲುವುದಕ್ಕೂ ದುಃಖ ಇಳಿಯುವುದಕ್ಕೂ ಸಂಬಂಧ ಇಲ್ಲ ಅಂತ ಆ ತಾಯಿ ನನಗೆ ಕಲಿಸಿ ಹೋದರು. ಇವತ್ತಿಗೂ ಗೊರೂರಿನ ಕಡೆ ಹೋದಾಗ ಅವರ ನೆನಪಾಗುತ್ತದೆ.

ಈಗ ನಿಮ್ಮ ಮಾತುಗಳನ್ನೇ ನೋಡೋಣ. ತಪ್ಪು ಹುಡುಕಲು ಅಲ್ಲ. ಇದೇ ಮಾತನ್ನು ನಾವೆಲ್ಲರೂ ಆಡುತ್ತೇವೆ, ಅದಕ್ಕೆ. 'ದೇವರು ಒಳ್ಳೆಯವರನ್ನೇ ಬೇಗ ಕರೆಸಿಕೊಳ್ಳುತ್ತಾನೆ' ಅಂದಾಗ ಆ ಸಾವಿಗೆ ಒಂದು ಕಾರಣ ಸಿಕ್ಕಿತು, ಲೆಕ್ಕ ಮುಗಿಯಿತು. ಅವರಿಗೆ ಇನ್ನೂ ಲೆಕ್ಕ ಶುರುವೇ ಆಗಿಲ್ಲ. 'ಮಕ್ಕಳ ಮುಖ ನೋಡಿ' ಅಂದಾಗ ಒಂದು ಹೊಸ ಹೊರೆ ಬಂತು. ಇಷ್ಟು ಹೊತ್ತು ಗಂಡನಿಗಾಗಿ ಅಳುತ್ತಿದ್ದವರಿಗೆ ಈಗ ಅಳುವುದೂ ಮಕ್ಕಳಿಗೆ ಮಾಡುವ ಅನ್ಯಾಯ ಅನ್ನಿಸಬಹುದು. 'ಧೈರ್ಯ ತಂದುಕೋ' ಅನ್ನುವುದು ಅಪ್ಪಣೆ. ನೀನು ಈಗ ಇರುವ ರೀತಿ ಸರಿ ಇಲ್ಲ, ಬೇರೆ ಥರ ಇರು ಅಂತ. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿದ್ದ ಬ್ರಾಂಟ್ ಬರ್ಲ್‌ಸನ್ ತಮ್ಮ ಜೀವಮಾನದ ಬಹುಪಾಲನ್ನು ಇದೊಂದೇ ಪ್ರಶ್ನೆಗೆ ಕೊಟ್ಟರು: ಸಮಾಧಾನದ ಮಾತುಗಳಲ್ಲಿ ಯಾವುದು ನಾಟುತ್ತದೆ, ಯಾವುದು ನಾಟುವುದಿಲ್ಲ? ಎದುರಿನವರ ಭಾವವನ್ನು ತಳ್ಳಿಹಾಕುವ ಮಾತು ಎಲ್ಲಕ್ಕಿಂತ ಕೆಳಗೆ. ಭಾವವನ್ನು ಒಪ್ಪಿಕೊಂಡರೂ ಬೇಗ ಬೇರೆ ಕಡೆ ತಿರುಗಿಸುವ ಮಾತು ನಡುವೆ. ಆ ಭಾವವನ್ನು ಬಿಡಿಸಿ ಹೇಳಿಕೊಳ್ಳಲು ದಾರಿ ಮಾಡಿಕೊಡುವ ಮಾತು ಎಲ್ಲಕ್ಕಿಂತ ಮೇಲೆ.

ನಮ್ಮ ಮಾತಿನಲ್ಲಿ ಹೇಳುವುದಾದರೆ, 'ಅತ್ತರೆ ಹೋದವರು ಬರ್ತಾರಾ?' ಅನ್ನುವುದು ತೀರಾ ಕೆಳಗಿನದು. 'ಪಾಪ, ಎಷ್ಟು ಕಷ್ಟ, ಒಂದಿಷ್ಟು ದಿನ ತವರಿಗೆ ಹೋಗಿ ಬಾ' ಅನ್ನುವುದು ನಡುವಿನದು. 'ಸಂಜೆ ಹೊತ್ತು ಹೇಗೆ ಕಳೀತಿದ್ದೀಯೇ?' ಅಂತ ಕೇಳಿ ಸುಮ್ಮನೆ ಕೂರುವುದು ಮೇಲಿನದು. ನೋಡಿ, ಅದರಲ್ಲಿ ಬುದ್ಧಿವಂತಿಕೆ ಏನೂ ಇಲ್ಲ. ಒಂದು ಸಣ್ಣ ಪ್ರಶ್ನೆ. ಆಮೇಲೆ ಮೌನ. ಹಳ್ಳಿಯ ಅಜ್ಜಿಯರು ಬಂದು ಕೈಹಿಡಿದು 'ಎಂಥ ಕೆಲಸ ಆಗೋಯ್ತಲ್ಲೇ ಮಗಾ' ಅನ್ನುತ್ತಾರಲ್ಲ, ಅದೂ ಇದೇ ಜಾತಿಯದು. ಅಲ್ಲಿ ಕಾರಣ ಇಲ್ಲ, ಅಪ್ಪಣೆ ಇಲ್ಲ. ಆಗಿದ್ದು ಘೋರ ಅಂತ ಒಪ್ಪಿಕೊಳ್ಳುವುದು ಮಾತ್ರ ಇದೆ. ಎಷ್ಟೋ ಸಲ ಅಷ್ಟೇ ಸಾಕು.

ಸಾವಿಲ್ಲದ ಮನೆಯ ಸಾಸಿವೆಯ ಕತೆ ನಿಮಗೆ ಗೊತ್ತು. ಮಕ್ಕಳಿಗೂ ಹೇಳಿರುತ್ತೀರಿ. ಎಲ್ಲರೂ ಸಾಯಲೇಬೇಕು ಅನ್ನುವುದು ಅದರ ನೀತಿ ಅಂತ ಶಾಲೆಯಲ್ಲಿ ಹೇಳಿಕೊಡುತ್ತೇವೆ. ನನಗೆ ಅದು ಬೇರೆ ರೀತಿ ಕಾಣುತ್ತದೆ. ಎಲ್ಲರೂ ಸಾಯುತ್ತಾರೆ ಅಂತ ಬುದ್ಧ ಕಿಸಾಗೋತಮಿಗೆ ಬಾಯಲ್ಲಿ ಹೇಳಬಹುದಿತ್ತು. ಒಂದೇ ವಾಕ್ಯ. ಅವನು ಹೇಳಲಿಲ್ಲ. ಅವಳನ್ನು ಮನೆಮನೆಗೆ ಕಳಿಸಿದ. ಪ್ರತಿ ಬಾಗಿಲಲ್ಲೂ ಅವಳು ತನ್ನ ಮಗುವಿನ ವಿಷಯ ಹೇಳಿಕೊಂಡಿರಬೇಕು. ಪ್ರತಿ ಮನೆಯವರೂ ತಮ್ಮ ಮನೆಯ ಸಾವಿನ ವಿಷಯ ಹೇಳಿರಬೇಕು. ಅವಳು ಇಡೀ ದಿನ ಮಾತಾಡಿದಳು, ಕೇಳಿಸಿಕೊಂಡಳು. ಸಂಜೆಗೆ ಅವಳಿಗೇ ಹೊಳೆಯಿತು. 1986ರ ಅಧ್ಯಯನದಲ್ಲಿ ಹಿತವಾಯಿತು ಅಂದದ್ದು ಯಾವುದೋ, ಅದೇ ಇಲ್ಲಿ ಆಗಿದೆ.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆನೆಯ ವಿಷಯವಲ್ಲ, ಜ್ವರದ ವಿಷಯ. ದಿನಾ ಹೋಗುತ್ತಿದ್ದವರು ಅವರು. ಅವತ್ತು ಕಳಿಸಿದ್ದು ಗಂಡನನ್ನು. 'ನಾನೇ ಕಳಿಸಿದೆ' ಅನ್ನುವ ಒಂದು ಮಾತು ಅವರೊಳಗೆ ರಾತ್ರಿ ಹಗಲು ತಿರುಗುತ್ತಿರುತ್ತದೆ. ಅವರು ಯಾರಿಗಾದರೂ ಅದನ್ನು ಹೇಳಿದ್ದಾರೋ ಇಲ್ಲವೋ. ಹೇಳಿದ್ದರೂ ಕೇಳಿದವರು ತಕ್ಷಣ 'ಛೇ, ಹಾಗೆಲ್ಲ ಅಂದುಕೋಬೇಡ, ಹಣೆಬರಹ' ಅಂದಿರುತ್ತಾರೆ. ಬಾಗಿಲು ಮುಚ್ಚಿಹೋಗಿರುತ್ತದೆ.

'ಹಾಗೆ ಮಾಡದಿದ್ದರೆ ಹೀಗಾಗುತ್ತಿರಲಿಲ್ಲ' ಅನ್ನುವ ಯೋಚನೆ ಹಠಾತ್ ಸಾವು ಕಂಡ ಹೆಚ್ಚಿನವರಲ್ಲಿ ಬರುತ್ತದೆ. ಮನಸ್ಸು ನಡೆದದ್ದನ್ನು ಹಿಂದಕ್ಕೆ ಓಡಿಸಿ, ಒಂದು ಸಣ್ಣ ವಿಷಯ ಬದಲಿಸಿ, ಮತ್ತೆ ಮುಂದಕ್ಕೆ ಓಡಿಸುತ್ತದೆ. ಜ್ವರ ಬರದಿದ್ದರೆ. ಹತ್ತು ನಿಮಿಷ ತಡ ಆಗಿದ್ದರೆ. ಅವತ್ತು ಹಾಲೇ ಹಾಕದಿದ್ದರೆ. ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡವರ ಬಗ್ಗೆ 1995ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಗಮನಿಸುವಂಥ ವಿಷಯ ಇದೆ. ಅಪಘಾತ ಮಾಡಿದವರು ಬೇರೆಯವರೇ ಇದ್ದರೂ ಜನ ಮನಸ್ಸಿನಲ್ಲಿ ಬದಲಿಸುತ್ತಿದ್ದದ್ದು ತಾವು ಮಾಡಿದ್ದನ್ನು ಅಥವಾ ಮಾಡದೆ ಬಿಟ್ಟಿದ್ದನ್ನು. ಕುಡಿದು ಗಾಡಿ ಓಡಿಸಿದವನನ್ನಲ್ಲ, 'ನಾನು ಅವನನ್ನು ಹೊರಗೆ ಕಳಿಸಬಾರದಿತ್ತು' ಅನ್ನುವುದನ್ನು. ಯಾಕೆಂದರೆ ನಮ್ಮ ಕೈಯಲ್ಲಿದ್ದದ್ದು ಅದೊಂದೇ. ಆನೆಯ ದಾರಿ ಬದಲಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಹಾಲಿನ ಕ್ಯಾನ್ ಯಾರು ಹಿಡಿಯಬೇಕು ಅನ್ನುವುದು ಅವರ ಕೈಯಲ್ಲಿತ್ತು. ಅದಕ್ಕೇ ಮನಸ್ಸು ಅಲ್ಲೇ ಸುತ್ತುತ್ತದೆ.

ಹಾಗಾಗಿ ಅವರು ನಿಮ್ಮ ಮುಂದೆ 'ನಾನೇ ಕಳಿಸಿದೆ' ಅಂದರೆ, 'ನಿನ್ನ ತಪ್ಪಿಲ್ಲ' ಅಂತ ಅವಸರ ಮಾಡಬೇಡಿ. ಅದು ನಿಜ. ಆದರೆ ಮೊದಲೇ ಹೇಳಿದರೆ ಅದು ಬಾಯಿ ಮುಚ್ಚಿಸುವ ಮಾತಾಗುತ್ತದೆ. 'ಅದನ್ನೇ ಯೋಚಿಸ್ತಾ ಇರ್ತೀಯಾ?' ಅಂತ ಕೇಳಿ. ಅವರು ಆ ಬೆಳಿಗ್ಗೆಯನ್ನು ಹೇಳಲಿ. ಜ್ವರ ಎಷ್ಟಿತ್ತು, ಗಂಡ ಹೋಗುವಾಗ ಏನಂದರು, ಕಂಬಳಿ ಹೊದಿಸಿ ಹೋದರಾ, ಏನೇ ಇರಲಿ. ಪೂರ್ತಿ ಹೇಳಿಕೊಂಡವರಿಗೆ ಆ ಬೆಳಿಗ್ಗೆಯ ಬೇರೆ ವಿಷಯಗಳೂ ಕಾಣಲು ಶುರುವಾಗುತ್ತವೆ. ಹೆಂಡತಿಗೆ ಹುಷಾರಿಲ್ಲ ಅಂತ ತಾನೇ ಎದ್ದು ಹೋದ ಒಬ್ಬ ಗಂಡ ಕಾಣುತ್ತಾನೆ. ಅದನ್ನು ನೀವು ತೋರಿಸಲು ಹೋಗಬೇಡಿ. ಅವರಿಗೇ ಕಾಣಲಿ. ಒಂದೇ ಭೇಟಿಯಲ್ಲಿ ಕಾಣದೆ ಇರಬಹುದು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮಾತಾಡಿಸುವುದು ಬೇರೆ, ಬಾಯಿ ಬಿಡಿಸುವುದು ಬೇರೆ. ಭಯಾನಕವಾದದ್ದು ನಡೆದ ಕೂಡಲೇ ಎಲ್ಲವನ್ನೂ ಬಿಡಿಸಿ ಹೇಳಿಸಿಬಿಟ್ಟರೆ ಮನಸ್ಸು ಹಗುರಾಗುತ್ತದೆ ಅಂತ ಒಂದು ಕಾಲದಲ್ಲಿ ನಮ್ಮ ವೃತ್ತಿಯವರೂ ನಂಬಿದ್ದರು. ಅಪಘಾತ ಆದವರನ್ನು ಒಂದು ಸಲ ಕೂರಿಸಿ ಎಲ್ಲ ಹೇಳಿಸುತ್ತಿದ್ದರು. ಆಮೇಲೆ ಸರಿಯಾಗಿ ಪರೀಕ್ಷಿಸಿ ನೋಡಿದಾಗ ಅದರಿಂದ ಮುಂದಿನ ಮಾನಸಿಕ ತೊಂದರೆ ತಪ್ಪುವುದಿಲ್ಲ, ಕೆಲವರಿಗೆ ಜಾಸ್ತಿಯೂ ಆಗಬಹುದು ಅಂತ ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಮೂರೇ ಕೆಲಸ ಹೇಳುತ್ತದೆ: ನೋಡು, ಕೇಳಿಸಿಕೋ, ಬೇಕಾದ ನೆರವಿನ ಜೊತೆ ಜೋಡಿಸು. ಹೇಳಿಸು ಅಂತ ಅದರಲ್ಲಿಲ್ಲ. ಆ ನಸುಕಿನಲ್ಲಿ ದೇಹ ಹೇಗಿತ್ತು, ಯಾರು ಮೊದಲು ನೋಡಿದರು ಅಂತ ದಯವಿಟ್ಟು ಕೇಳಬೇಡಿ. ಅದನ್ನು ಕೇಳುವವರು ಅವರ ಮನೆಗೆ ಬೇಕಾದಷ್ಟು ಬಂದು ಹೋಗಿದ್ದಾರೆ.

ಮಾತೇ ಬರದಿದ್ದರೆ? ಕೈ ಹಿಡಿದುಕೊಳ್ಳಿ. ಜೇಮ್ಸ್ ಕೋನ್ ಮತ್ತು ಅವರ ಜೊತೆಗಾರರು 2006ರಲ್ಲಿ 16 ಜನ ವಿವಾಹಿತ ಮಹಿಳೆಯರ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಆ ಮಹಿಳೆಯರನ್ನು ಮೆದುಳಿನ ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ, ಈಗ ಸಣ್ಣ ಕರೆಂಟ್ ಶಾಕ್ ಹೊಡೆಯಬಹುದು ಅಂತ ಸೂಚನೆ ಕೊಡುತ್ತಿದ್ದರು. ಯಾರ ಕೈಯೂ ಇಲ್ಲದಾಗ ಮೆದುಳಿನಲ್ಲಿ ಹೆದರಿಕೆಯ ಗದ್ದಲ ಜೋರಾಗಿತ್ತು. ಅಪರಿಚಿತರು ಕೈ ಹಿಡಿದಾಗ ಸ್ವಲ್ಪ ಇಳಿಯಿತು. ಗಂಡ ಕೈ ಹಿಡಿದಾಗ ಇನ್ನೂ ಇಳಿಯಿತು. ದಾಂಪತ್ಯ ಚೆನ್ನಾಗಿದ್ದವರಲ್ಲಿ ಇಳಿದದ್ದು ಜಾಸ್ತಿ. ನಿಮ್ಮ ಗೆಳತಿಯ ಸ್ಥಿತಿಯನ್ನು ಇದರ ಜೊತೆ ಇಟ್ಟು ನೋಡಿ. ಹೆದರಿದಾಗ ಹಿಡಿಯಬೇಕಿದ್ದ ಆ ಕೈಯೇ ಈಗ ಇಲ್ಲ. ಬೇರೆ ಯಾವ ಕೈಯೂ ಅದಕ್ಕೆ ಸಮ ಅಲ್ಲ. ಆದರೆ ಮೂವತ್ತು ವರ್ಷದ ಗೆಳತಿಯ ಕೈ ಅಪರಿಚಿತರ ಕೈಯೂ ಅಲ್ಲ.

ಮುಂದಿನದನ್ನು ಬರೆಯಲೋ ಬೇಡವೋ ಅಂತ ಬಹಳ ಯೋಚಿಸಿದೆ. ಇದು ನಿಮಗೆ ಮಾತ್ರ. ಅವರಿಗೆ ಹೇಳಬೇಡಿ, ಈಗಲ್ಲ. 2014ರಲ್ಲಿ ಜೋಶುವಾ ಪ್ಲಾಟ್ನಿಕ್ ಮತ್ತು ಫ್ರಾನ್ಸ್ ಡಿ ವಾಲ್ ಥಾಯ್ಲೆಂಡ್‌ನ ಸಾಕಿದ ಆನೆಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅವು ನಮ್ಮ ಕಾಡಿನ ಆನೆಯ ಜಾತಿಯವೇ, ಏಷ್ಯಾದ ಆನೆಗಳು. ಒಂದು ಆನೆ ಬೆದರಿದಾಗ ಹತ್ತಿರದ ಆನೆಗಳು ಅದರ ಬಳಿಗೆ ಬರುತ್ತವೆ. ಸೊಂಡಿಲಿನಿಂದ ಅದರ ಮೈ ಮುಟ್ಟುತ್ತವೆ. ಸೊಂಡಿಲಿನ ತುದಿಯನ್ನು ಅದರ ಬಾಯಿಗೆ ಇಡುತ್ತವೆ. ಸಣ್ಣ ದನಿ ಮಾಡುತ್ತವೆ. ಸಾಂತ್ವನ ಅನ್ನುವುದು ಮಾತಿಗಿಂತ ಹಳೆಯದು. ಹತ್ತಿರ ಬರುವುದು, ಮುಟ್ಟುವುದು, ಅಲ್ಲೇ ಇರುವುದು. ಮಾತು ಆಮೇಲೆ ಬಂದದ್ದು. ಆ ಪ್ರಾಣಿಯಿಂದ ಇಷ್ಟು ದೊಡ್ಡ ಕಷ್ಟ ಬಂದ ಮನೆಯ ವಿಷಯ ಬರೆಯುವಾಗ ಇದು ನನ್ನ ಮನಸ್ಸಿಗೆ ಬಂತು. ಅದನ್ನು ಮುಚ್ಚಿಡಲು ಆಗಲಿಲ್ಲ.

ಇನ್ನು ಕೈಕೆಲಸದ ವಿಷಯ. ಆನೆ ದಾಳಿಯಲ್ಲಿ ತೀರಿಕೊಂಡವರ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: 'ಪರಿಹಾರ ಬಂತಾ?' ಸರ್ಕಾರದ ದುಡ್ಡು ಬೇಕು, ಅದು ಆ ಮನೆಯ ಹಕ್ಕು. ಆ ಕಾಗದ ಪತ್ರ ಓಡಾಡಿ ಮಾಡಿಸಿಕೊಡಲು ನಿಮ್ಮ ಮನೆಯವರಿಗೆ ಆಗುವುದಾದರೆ ಖಂಡಿತ ಮಾಡಲಿ. ಆದರೆ ಮಾತಾಡಿಸಲು ಹೋದವರು ಪರಿಹಾರ ಕೊಡಲು ಕೂರಬಾರದು. ತೋಟ ಗುತ್ತಿಗೆಗೆ ಕೊಡು, ಹಸು ಮಾರು, ಹಾಸನಕ್ಕೆ ಬಂದು ಮನೆ ಮಾಡು, ಇದೆಲ್ಲ ಈಗ ಬೇಡ. ಅವರು ಕೇಳಿದರೆ ಮಾತ್ರ.

ಮಾಡುವ ಕೆಲಸಕ್ಕೂ ಒಂದು ರೀತಿ ಇದೆ. ನಮ್ಮ ಅಪ್ಪ ತೀರಿಕೊಂಡಾಗ ಕೊಯ್ಲಿನ ಕಾಲ. ಕಣದ ತುಂಬ ಕಾಫಿ ಹರವಿತ್ತು. ಮೂರನೇ ದಿನ ಸಂಜೆ ಮೋಡ ಕಟ್ಟಿತು. ಮನೆಯಲ್ಲಿ ಯಾರಿಗೂ ಕಣದ ಜ್ಞಾನ ಇರಲಿಲ್ಲ. ರಾತ್ರಿ ಮಳೆ ಹೊಡೆದ ಮೇಲೆ ಅಮ್ಮ ಹೌಹಾರಿ ಎದ್ದು ಓಡಿದರು. ಕಾಫಿಯನ್ನೆಲ್ಲ ಗುಡ್ಡೆ ಮಾಡಿ, ಟಾರ್ಪಾಲು ಹೊದಿಸಿ, ಸುತ್ತ ಕಲ್ಲು ಹೇರಿತ್ತು. ಪಕ್ಕದ ತೋಟದವರು ಯಾವಾಗಲೋ ಬಂದು ಮಾಡಿ ಹೋಗಿದ್ದರು. ಹೇಳಿರಲಿಲ್ಲ, ಆಮೇಲೂ ಹೇಳಲಿಲ್ಲ. ಅಮ್ಮನಿಗೆ ಬಂದ ನೂರು ಸಾಂತ್ವನದಲ್ಲಿ ಅವರು ಕೊನೆಯವರೆಗೂ ನೆನೆಸಿಕೊಳ್ಳುತ್ತಿದ್ದದ್ದು ಆ ಟಾರ್ಪಾಲನ್ನು.

ಎಷ್ಟೋ ವರ್ಷದ ನಂತರ ನೈಲ್ ಬೋಲ್ಜರ್ ಅವರ ಅಧ್ಯಯನ ಓದಿದಾಗ ಆ ಕಣ ಕಣ್ಣ ಮುಂದೆ ಬಂತು. 2000ದಲ್ಲಿ ಬಂದ ಅಧ್ಯಯನ ಅದು. ನ್ಯೂಯಾರ್ಕ್‌ನಲ್ಲಿ ವಕೀಲರ ಪರೀಕ್ಷೆಗೆ ಓದುತ್ತಿದ್ದವರು ಮತ್ತು ಅವರ ಸಂಗಾತಿಗಳು ದಿನಾ ಬೇರೆ ಬೇರೆಯಾಗಿ ಡೈರಿ ಬರೆದರು. ಇವತ್ತು ನೆರವು ಕೊಟ್ಟೆಯಾ, ಇವತ್ತು ನೆರವು ಸಿಕ್ಕಿತಾ ಅಂತ. ಹೆಚ್ಚು ಉಪಯೋಗವಾದದ್ದು ಯಾವ ನೆರವು ಗೊತ್ತಾ? ಕೊಟ್ಟವರ ಡೈರಿಯಲ್ಲಿದ್ದು, ಪಡೆದವರ ಡೈರಿಯಲ್ಲಿ ಇಲ್ಲದ ನೆರವು. ನೆರವು ಕಣ್ಣಿಗೆ ರಾಚಿದರೆ ನಾನು ಕೈಲಾಗದವಳು ಅನ್ನುವ ಭಾವವೂ ಜೊತೆಗೇ ಬರುತ್ತದೆ. ಹಾಗಾಗಿ 'ಏನಾದರೂ ಬೇಕಾದರೆ ಹೇಳು' ಅನ್ನಬೇಡಿ. ದುಃಖದಲ್ಲಿರುವವರಿಗೆ ಏನು ಬೇಕು ಅಂತ ಯೋಚಿಸುವುದೇ ಒಂದು ಕೆಲಸ, ಕೇಳುವುದು ಇನ್ನೊಂದು. ಅಕ್ಕಿ ರೊಟ್ಟಿ, ಪಲ್ಯ ಕಟ್ಟಿಕೊಂಡು ಹೋಗಿ. ಹೋದ ಕೂಡಲೇ ಕೊಟ್ಟಿಗೆ ಕಡೆ ನಡೆಯಿರಿ. ಮಕ್ಕಳ ಹೋಂವರ್ಕ್ ನೋಡಿ, ನೀವು ಟೀಚರ್ ಅಲ್ವಾ.

ಮಕ್ಕಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. 'ಅಪ್ಪ ದೇವರ ಹತ್ತಿರ ಮಲಗಿದ್ದಾರೆ' ಅಂದರೆ ಸಣ್ಣ ಮಕ್ಕಳು ಮಲಗಲು ಹೆದರುತ್ತಾರೆ. ಸತ್ತುಹೋದರು, ಮತ್ತೆ ಬರುವುದಿಲ್ಲ ಅಂತ ನಿಜವನ್ನೇ ಮೆಲ್ಲಗೆ ಹೇಳಬೇಕು. ಗಂಡು ಮಗ ಇದ್ದರೆ 'ಇನ್ನು ಮನೆಗೆ ನೀನೇ ಯಜಮಾನ' ಅಂತ ಯಾರೂ ಹೇಳದ ಹಾಗೆ ನೋಡಿಕೊಳ್ಳಿ. ಅಳುತ್ತಿದ್ದ ಮಗು ಹತ್ತು ನಿಮಿಷಕ್ಕೆ ಆಟಕ್ಕೆ ಓಡಿದರೆ ಅದು ಸಹಜ. ಮಕ್ಕಳು ದುಃಖವನ್ನು ತುಣುಕು ತುಣುಕಾಗಿಯೇ ತಿನ್ನುತ್ತಾರೆ.

ದೊಡ್ಡವರೂ ಹೆಚ್ಚು ಕಡಿಮೆ ಹಾಗೆಯೇ. ನಿಮ್ಮ ಯಜಮಾನರು ಹೇಳಿದ 'ಕಾಲವೇ ಮದ್ದು' ಅನ್ನುವ ಮಾತಿಗೆ ಇಲ್ಲಿ ಉತ್ತರ ಇದೆ. ಕಾಲ ಸುಮ್ಮನೆ ಕಳೆದರೆ ಮದ್ದಾಗುವುದಿಲ್ಲ. ಆ ಕಾಲದಲ್ಲಿ ಏನು ನಡೆಯುತ್ತದೆ ಅನ್ನುವುದು ಮುಖ್ಯ. ದುಃಖಕ್ಕೆ ಐದು ಮೆಟ್ಟಿಲು, ಒಂದಾದ ಮೇಲೊಂದು ಅಂತ ನೀವೂ ಕೇಳಿರಬಹುದು. ಎಲಿಜಬೆತ್ ಕೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾಯುವ ಹಂತದಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ಉಳಿದವರ ದುಃಖ ಅಂಥ ಮೆಟ್ಟಿಲು ಹತ್ತುವುದಿಲ್ಲ. 1999ರಲ್ಲಿ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಕುಟ್ ಕೊಟ್ಟ ಚಿತ್ರ ನನಗೆ ಹೆಚ್ಚು ನಿಜ ಅನ್ನಿಸುತ್ತದೆ. ದುಃಖದಲ್ಲಿರುವವರು ಎರಡು ಕಡೆ ಓಲಾಡುತ್ತಿರುತ್ತಾರೆ. ಒಂದು ಹೊತ್ತು ಹೋದವರ ಕಡೆ, ಇನ್ನೊಂದು ಹೊತ್ತು ಬದುಕಿನ ಕಡೆ. ಬೆಳಿಗ್ಗೆ ಕೂಲಿಯವರ ಲೆಕ್ಕ ಬರೆಯುತ್ತಾರೆ, ಮಧ್ಯಾಹ್ನ ಗಂಡನ ಅಂಗಿ ಹಿಡಿದು ಅಳುತ್ತಾರೆ. ಎರಡೂ ಬೇಕು. ಅವರು ಕಾಳುಮೆಣಸಿನ ರೇಟಿನ ಬಗ್ಗೆ ಮಾತಾಡಿದರೆ ಮೆಣಸಿನ ಬಗ್ಗೆಯೇ ಮಾತಾಡಿ. ನಕ್ಕರೆ ನಗಿ. 'ಗಂಡ ಹೋಗಿ ನಾಲ್ಕು ತಿಂಗಳಿಲ್ಲ, ನಗ್ತಾಳೆ' ಅನ್ನುವವರು ಊರಲ್ಲಿ ಇದ್ದೇ ಇರುತ್ತಾರೆ. ಅವರ ಮುಂದೆ ನೀವು ಗೆಳತಿಯ ಪರ ನಿಲ್ಲಿ.

ಹೋದವರ ಹೆಸರು ಹೇಳಲು ಹಿಂಜರಿಯಬೇಡಿ. ನೆನಪಿಸಿದರೆ ನೋವಾಗುತ್ತದೆ ಅಂತ ನಾವು ಬಾಯಿ ಬಿಗಿ ಹಿಡಿಯುತ್ತೇವೆ. ಅವರು ಮರೆತಿದ್ದರೆ ತಾನೆ ನೆನಪಿಸುವುದು? ನಾಲ್ಕನೇ ತಿಂಗಳು ಕಷ್ಟದ ತಿಂಗಳು. ತಿಥಿ ಮುಗಿದಿದೆ, ನೆಂಟರು ಹೋಗಿದ್ದಾರೆ, ಊರು ತನ್ನ ಕೆಲಸಕ್ಕೆ ಮರಳಿದೆ. ಈಗ ಹೂಮಳೆಯ ಕಾಲ ಹತ್ತಿರ ಬರುತ್ತಿದೆ. ಮಳೆ ಬಿದ್ದು ವಾರಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಆ ಪರಿಮಳ ಮನೆಯೊಳಗೆ ಬರುತ್ತದೆ. ದಿನಾ ಆಕಾಶ ನೋಡುತ್ತಿದ್ದವರು ಈ ಸಲ ಇಲ್ಲ. ಆ ವಾರ ಫೋನ್ ಮಾಡಿ. ಯುಗಾದಿಗೆ ಮಾಡಿ. ಹೋದವರ ಹುಟ್ಟಿದ ದಿನ ಗೊತ್ತಿದ್ದರೆ ಬರೆದಿಟ್ಟುಕೊಳ್ಳಿ.

ನಿಮ್ಮ ನಿದ್ದೆಯ ವಿಷಯ. ನಿಮಗೂ ನೋವಾಗಿದೆ, ಅದನ್ನು ಹೇಳಿಕೊಳ್ಳುವ ಜಾಗ ನಿಮಗೂ ಬೇಕು. ಆದರೆ ಆ ಜಾಗ ನಿಮ್ಮ ಗೆಳತಿಯಲ್ಲ. ಸೂಸನ್ ಸಿಲ್ಕ್ ಅನ್ನುವ ಮನೋವಿಜ್ಞಾನಿ ತಮಗೆ ಸ್ತನ ಕ್ಯಾನ್ಸರ್ ಬಂದಾಗ ಕಂಡುಕೊಂಡ ಒಂದು ಲೆಕ್ಕವನ್ನು 2013ರಲ್ಲಿ ಬರೆದರು. ಕೆರೆಗೆ ಕಲ್ಲು ಬಿದ್ದಾಗ ಏಳುವ ಉಂಗುರಗಳ ಹಾಗೆ ಅಂದುಕೊಳ್ಳಿ. ನಡುವಿನಲ್ಲಿ ಕಷ್ಟಕ್ಕೆ ಸಿಕ್ಕವರು. ಅವರ ಸುತ್ತ ಮನೆಯವರು, ಆಮೇಲೆ ಗೆಳೆಯರು, ಆಮೇಲೆ ಊರವರು. ಒಳಗಿನ ಉಂಗುರದವರ ಕಡೆ ಸಮಾಧಾನ ಮಾತ್ರ ಹೋಗಬೇಕು. ನಮ್ಮ ದೂರು, ನಮ್ಮ ಅಳು ಹೊರಗಿನ ಉಂಗುರದ ಕಡೆ ಹೋಗಬೇಕು. ಹಾಗಾಗಿ 'ನೀನು ಹಾಗಂದೆ, ನಾನು ನಾಲ್ಕು ತಿಂಗಳು ನಿದ್ದೆ ಮಾಡಿಲ್ಲ' ಅಂತ ಅವರ ಮುಂದೆ ಹೇಳಬೇಡಿ. ನಿಮ್ಮ ಯಜಮಾನರ ಮುಂದೆ ಹೇಳಿ, ಅವರು ಕೇಳಿಸಿಕೊಳ್ಳಲಿ. ನನಗೆ ಬರೆದಿರಿ, ಅದೂ ಒಳ್ಳೆಯದೇ.

ಒಂದು ವಿಷಯಕ್ಕೆ ಮಾತ್ರ ಕಣ್ಣಿಟ್ಟಿರಿ. ನಿಮ್ಮ ಗೆಳತಿ ಊಟ, ಸ್ನಾನ ಪೂರ್ತಿ ಬಿಟ್ಟಿದ್ದರೆ, 'ನಾನೂ ಹೋಗಿಬಿಟ್ಟರೆ ಸಾಕು' ಅನ್ನುವಂಥ ಮಾತು ಬಂದರೆ, ತೋಟದ ಔಷಧಿಯ ಡಬ್ಬಗಳು ಕೈಗೆ ಸಿಗುವ ಜಾಗದಲ್ಲಿದ್ದರೆ, ಸುಮ್ಮನಿರಬೇಡಿ. 'ಸಾಯಬೇಕು ಅನ್ನಿಸ್ತಾ ಇದೆಯಾ?' ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ತಪ್ಪು ನಂಬಿಕೆ. ಸಂಶೋಧನೆಗಳು ಹಾಗೆ ಹೇಳುವುದಿಲ್ಲ. ಕೇಳಿದಾಗ ಹೆಚ್ಚಿನವರಿಗೆ ಉಸಿರು ಬಿಟ್ಟ ಹಾಗಾಗುತ್ತದೆ. ಹೌದು ಅಂದರೆ ಅವರನ್ನು ಒಬ್ಬರೇ ಬಿಡಬೇಡಿ. ಆ ಡಬ್ಬಗಳನ್ನು ಮನೆಯಿಂದ ಹೊರಗೆ ಸಾಗಿಸಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹಾಸನದ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಆರು ತಿಂಗಳು ದಾಟಿದ ಮೇಲೂ ದುಃಖ ಮೊದಲ ವಾರದಷ್ಟೇ ತೀವ್ರವಾಗಿದ್ದು, ದಿನದ ಬದುಕೇ ನಿಂತುಹೋಗಿದ್ದರೆ, ಅದಕ್ಕೂ ಚಿಕಿತ್ಸೆ ಇದೆ. ಹಾಗಂತ ಆರನೇ ತಿಂಗಳಲ್ಲಿ ಅಳುವವರೆಲ್ಲ ರೋಗಿಗಳಲ್ಲ.

ಮತ್ತೆ ಹೋಗಬೇಕಾ ಅಂತ ಕೇಳಿದಿರಿ. ಹೋಗಿ. ಹೋಗುವ ಮೊದಲು ಒಂದು ಮೆಸೇಜ್ ಕಳಿಸಿ. 'ಅವತ್ತು ನಾನು ಆಡಿದ ಮಾತು ನಿನಗೆ ನೋವು ಮಾಡಿತು. ತಪ್ಪಾಯ್ತು. ನೀನು ಉತ್ತರ ಬರೆಯಬೇಕಾಗಿಲ್ಲ. ಭಾನುವಾರ ಬೆಳಿಗ್ಗೆ ಬರ್ತೀನಿ.' ಇಷ್ಟೇ. ಯಾಕೆ ಹಾಗೆ ಹೇಳಿದೆ ಅಂತ ವಿವರಿಸಬೇಡಿ, ವಿವರಣೆ ಬಂದರೆ ಕ್ಷಮಿಸುವ ಕೆಲಸ ಅವರ ತಲೆಗೆ ಬೀಳುತ್ತದೆ. ಅವರು ಬಾಗಿಲು ತೆಗೆಯದಿದ್ದರೆ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತುಕೊಳ್ಳಿ. ಬುತ್ತಿ ಇಟ್ಟು ಬನ್ನಿ. ಮುಂದಿನ ಭಾನುವಾರ ಮತ್ತೆ ಹೋಗಿ. ತೆಗೆದರೆ ಒಳಗೆ ಹೋಗಿ, ಅವರ ಪಕ್ಕದಲ್ಲಿ ಕೂರಿ, ಎದುರಿಗೆ ಬೇಡ. 'ನನಗೆ ಏನು ಹೇಳಬೇಕು ಅಂತ ಗೊತ್ತಾಗ್ತಿಲ್ಲ ಕಣೇ, ಸುಮ್ನೆ ನಿನ್ನ ಜೊತೆ ಇರೋಣ ಅಂತ ಬಂದೆ' ಅನ್ನಿ. ಅದು ನಿಜ ತಾನೆ.

ಸಾವಿನ ಮನೆಯಿಂದ ಹೊರಡುವಾಗ 'ಹೋಗಿ ಬರ್ತೀನಿ' ಅನ್ನಬಾರದು ಅನ್ನುವ ಪದ್ಧತಿ ನಮ್ಮಲ್ಲಿದೆ. ಹಾಲು-ತುಪ್ಪದ ದಿನ ನೀವೂ ಏನೂ ಹೇಳದೆ ಎದ್ದು ಬಂದಿರುತ್ತೀರಿ. ಈ ಸಲ ಹೊರಡುವಾಗ ಹೇಳಿ. ಯಾವ ದಿನ ಬರುತ್ತೀರಿ ಅನ್ನುವುದನ್ನೂ ಹೇಳಿ.